ನಿಂತ ವಾಹನದ ಎಂಜಿನ್ ಆರಿಸುವ ನಿಯಮಕ್ಕೆ ಬಿಸಿಲಿನ ದಿನ ವಿನಾಯಿತಿ ಇರಬೇಕೇ?

ಕರಡು ಓದುಗ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಗರಾಡಳಿತ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿರುವ ಕರಡು ನಿಯಮವೊಂದಕ್ಕೆ ನಿವಾಸಿಗಳ ಸಂಘದ ಪರವಾಗಿ ಸಲಹೆ ಮತ್ತು ಆಕ್ಷೇಪಣೆಗಳನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ರಸ್ತೆಬದಿಯಲ್ಲಿ, ವಾಹನ ನಿಲುಗಡೆಯ ಜಾಗಗಳಲ್ಲಿ, ಶಾಲೆ ಮತ್ತು ಆಸ್ಪತ್ರೆಗಳ ಬಾಗಿಲಲ್ಲಿ ನಿಂತ ವಾಹನದ ಎಂಜಿನ್ನನ್ನು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಚಾಲೂ ಇಡಬಾರದು ಎಂಬುದು ಅದರ ಮುಖ್ಯ ವಿಧಿ. ಹೊಗೆಮಂಜಿನ ಮುನ್ನೆಚ್ಚರಿಕೆ ಹೊರಟ ದಿನಗಳಲ್ಲಿ ಈ ಮಿತಿ ಒಂದು ನಿಮಿಷಕ್ಕೆ ಇಳಿಯುತ್ತದೆ. ಇಷ್ಟರವರೆಗೆ ನಮ್ಮಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಇರುವುದು ವಿನಾಯಿತಿಗಳ ಪಟ್ಟಿಯಲ್ಲಿ. ಹೊರಗಿನ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ವಾಹನದೊಳಗೆ ಒಬ್ಬರಾದರೂ ಕುಳಿತಿದ್ದರೆ, ಯಾವ ಮಿತಿಯೂ ಅನ್ವಯಿಸುವುದಿಲ್ಲವೆಂದು ಅಲ್ಲಿ ಬರೆದಿದೆ. ಬೇಸಿಗೆಯ ಹೊಗೆಮಂಜು ಕವಿಯುವುದೇ ಬಿಸಿಲು ಏರಿ ಗಾಳಿ ನಿಂತುಹೋದ ದಿನಗಳಲ್ಲಿ. ಅಂದರೆ ಒಂದು ವಿಧಿ ಬಿಗಿ ಮಾಡಿದ ದಿನವನ್ನೇ ಇನ್ನೊಂದು ವಿಧಿ ಸಡಿಲ ಮಾಡುತ್ತಿದೆ. ಈ ವಿನಾಯಿತಿಯನ್ನು ಪೂರ್ತಿ ಕಿತ್ತುಹಾಕಿ ಎಂದು ಬರೆಯಬೇಕೆಂಬುದು ಸಂಘದ ಕೆಲವರ ಅಭಿಪ್ರಾಯವಾದರೆ, ಅಂಥ ಬಿಸಿಲಿನಲ್ಲಿ ವಯಸ್ಸಾದವರನ್ನೋ ಮಗುವನ್ನೋ ಕೂರಿಸಿಕೊಂಡು ಎ.ಸಿ. ಆರಿಸಿ ಕಾಯಬೇಕೆನ್ನುವುದು ಕ್ರೌರ್ಯವೆಂದು ಉಳಿದವರು ಹೇಳುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆಯೆಂದು ನನಗೆ ಅನ್ನಿಸುತ್ತಿದೆ.

ಇನ್ನೂ ಒಂದು ಸಂದೇಹವಿದೆ. ಈ ನಿಯಮದಿಂದ ನಾವು ಉಸಿರಾಡುವ ಗಾಳಿಯಲ್ಲಿ ಸೇರಿ ಶ್ವಾಸಕೋಶವನ್ನು ಕೆರಳಿಸುವ ಓಝೋನ್ ಅನಿಲ ಕಡಿಮೆಯಾಗುತ್ತದೆಯೆಂದು ಕರಡಿನ ಪೀಠಿಕೆಯಲ್ಲಿ ಹೇಳಿದ್ದಾರೆ. ನಿಂತ ಕಾರುಗಳನ್ನು ಆರಿಸಿದ ಮಾತ್ರಕ್ಕೆ ಅದು ಸಾಧ್ಯವೇ? ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ವಾಯುರಸಾಯನ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪೀಠಿಕೆಯಲ್ಲಿ ತಪ್ಪು ಕಾರಣ ಕೊಟ್ಟ ನಿಯಮವನ್ನು ಮುಂದೊಂದು ದಿನ ಯಾರಾದರೂ ಸುಲಭವಾಗಿ ಬೀಳಿಸಬಹುದು.

ಓಝೋನ್ ಯಾವ ವಾಹನದ ಸೈಲೆನ್ಸರಿನಿಂದಲೂ ನೇರವಾಗಿ ಹೊರಬರುವುದಿಲ್ಲ. ಎಂಜಿನ್ನುಗಳು ಉಗುಳುವ ನೈಟ್ರೋಜನ್ ಆಕ್ಸೈಡುಗಳು ಮತ್ತು ಪೆಟ್ರೋಲು, ದ್ರಾವಕ, ಬಣ್ಣ ಮುಂತಾದವುಗಳಿಂದ ಏಳುವ ಹೈಡ್ರೋಕಾರ್ಬನ್ ಆವಿಗಳು ಬಿಸಿಲಿನಲ್ಲಿ ಗಂಟೆಗಟ್ಟಲೆ ಒಂದರೊಡನೊಂದು ವರ್ತಿಸಿದಾಗ ಅದು ಹುಟ್ಟುತ್ತದೆ. ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಹೊಗೆಮಂಜಿನ ಮೂಲ ಇದೇ ಎಂಬುದನ್ನು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಕ್ಯಾಲ್‌ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್. ಬಿಸಿಲು ಹೆಚ್ಚಿದಷ್ಟೂ ಈ ಕ್ರಿಯೆಗಳ ವೇಗ ಹೆಚ್ಚುತ್ತದೆ, ಟ್ಯಾಂಕಿನಿಂದ ಪೆಟ್ರೋಲು ಆವಿಯಾಗುವುದೂ ಹೆಚ್ಚುತ್ತದೆ. ಗಾಳಿ ಬೀಸದಿದ್ದರೆ ಹುಟ್ಟಿದ್ದೆಲ್ಲ ಅಲ್ಲಿಯೇ ಸೇರುತ್ತ ಹೋಗುತ್ತದೆ.

ಆದರೆ ಸೈಲೆನ್ಸರಿನಿಂದ ಹೊಸದಾಗಿ ಹೊರಬಿದ್ದ ನೈಟ್ರಿಕ್ ಆಕ್ಸೈಡ್ (ಮೇಲೆ ಹೇಳಿದ ನೈಟ್ರೋಜನ್ ಆಕ್ಸೈಡುಗಳಲ್ಲಿ ಒಂದು) ತನ್ನ ಸುತ್ತಲಿನ ಓಝೋನನ್ನು ತಿಂದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಆದ್ದರಿಂದ ದಟ್ಟ ಸಂಚಾರದ ರಸ್ತೆಯ ಅಂಚಿನಲ್ಲಿ ಅಳೆದರೆ ಓಝೋನ್ ಕಡಿಮೆ ಕಾಣಿಸುತ್ತದೆ, ಗಾಳಿ ಸಾಗುವ ದಿಕ್ಕಿನಲ್ಲಿ ಹಲವು ಕಿಲೋಮೀಟರ್ ಆಚೆಯ ಹೊರವಲಯದಲ್ಲಿ ಹೆಚ್ಚು ಕಾಣಿಸುತ್ತದೆ. ಲಾರಿ ಸಂಚಾರ ಕಡಿಮೆಯಿರುವ ಶನಿವಾರ, ಭಾನುವಾರಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಓಝೋನ್ ಇಳಿಯುವ ಬದಲು ಏರುತ್ತಿದ್ದುದನ್ನು ವಿಜ್ಞಾನಿಗಳು ದಶಕಗಳಿಂದ ಗಮನಿಸಿ ಚರ್ಚಿಸಿದ್ದಾರೆ. ಹೀಗಿರುವಾಗ, ಶಾಲೆಯ ಗೇಟಿನಲ್ಲಿ ಹತ್ತು ಕಾರುಗಳು ಎಂಜಿನ್ ಆರಿಸಿದರೆ ಅದೇ ಮಧ್ಯಾಹ್ನ ಅದೇ ಗೇಟಿನಲ್ಲಿ ಓಝೋನ್ ಇಳಿಯುತ್ತದೆಯೆಂದು ಬರೆಯುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಇಡೀ ನಗರದ ಹೊಗೆಯಲ್ಲಿ ನಿಂತ ಕಾರುಗಳ ಪಾಲು ಓಡುವ ವಾಹನಗಳ ಪಾಲಿನ ಮುಂದೆ ಚಿಕ್ಕದು ಎಂಬುದನ್ನೂ ಮರೆಯಬಾರದು.

ಹಾಗೆಂದು ನಿಯಮ ವ್ಯರ್ಥವಲ್ಲ. ಅದರ ಪ್ರಯೋಜನವಿರುವುದು ಎಂಜಿನ್ ನಿಂತಿರುವ ಆ ಜಾಗದಲ್ಲಿಯೇ. ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್, ಬೆಂಝೀನ್ ಮತ್ತು ಅತಿ ಸೂಕ್ಷ್ಮ ಕಣಗಳು ಸೈಲೆನ್ಸರಿನ ಹತ್ತಿರ ಅತಿ ಹೆಚ್ಚಾಗಿದ್ದು, ದೂರ ಹೋದಂತೆ ಬೇಗ ತಗ್ಗುತ್ತವೆ. ಮಕ್ಕಳ ಮೂಗು ಸೈಲೆನ್ಸರಿನ ಎತ್ತರಕ್ಕೆ ದೊಡ್ಡವರ ಮೂಗಿಗಿಂತ ಹತ್ತಿರವಿರುತ್ತದೆ. ದೇಹದ ತೂಕಕ್ಕೆ ಹೋಲಿಸಿದರೆ ಅವರು ಉಸಿರಾಡುವ ಗಾಳಿಯೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಡೀಸೆಲ್ ಹೊಗೆಯನ್ನು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಪೀಠಿಕೆಯಲ್ಲಿ ಇದನ್ನು ಹೇಳಲಿ. ಓಝೋನಿನಿಂದ ಆಗಲೇ ಕೆರಳಿರುವ ಶ್ವಾಸಕೋಶಕ್ಕೆ ಇನ್ನಷ್ಟು ಹೊಗೆ ಸೇರಬಾರದೆಂಬ ಕಾರಣವನ್ನೂ ಕೊಡಬಹುದು. ಹೊಗೆಮಂಜಿನ ದಿನ ಮಿತಿಯನ್ನು ಬಿಗಿಗೊಳಿಸಲು ಅದೊಂದೇ ಸಾಕು.

ಇನ್ನೊಂದು ವಿಷಯ: ಓಝೋನ್ ಮಧ್ಯಾಹ್ನದಿಂದ ಸಂಜೆಯೊಳಗೆ ಉತ್ತುಂಗಕ್ಕೆ ಏರುವುದಾದರೂ ಅದರ ಕಚ್ಚಾ ಸಾಮಗ್ರಿ ಸೇರುವುದು ಬೆಳಗಿನ ಸಂಚಾರದಿಂದ. ಅಳತೆಯ ಯಂತ್ರದಲ್ಲಿ ಅಂಕಿ ಏರಿದ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಎಚ್ಚರಿಕೆ ಕೊಟ್ಟು ಬಿಗಿ ಮಿತಿಯನ್ನು ಜಾರಿಗೆ ತರುವುದರಿಂದ ಹೆಚ್ಚು ಉಪಯೋಗವಿಲ್ಲ. ಮುನ್ಸೂಚನೆಯ ಆಧಾರದ ಮೇಲೆ ಹಿಂದಿನ ಸಂಜೆಯೇ ಘೋಷಿಸಬೇಕೆಂದು ನಿಮ್ಮ ಸಲಹೆಯಲ್ಲಿ ಸೇರಿಸಿ.

ಗ್ಯಾರೇಜಿನವನು:

ಪದೇ ಪದೇ ಆರಿಸಿ ಹೊತ್ತಿಸಿದರೆ ಹೆಚ್ಚು ಪೆಟ್ರೋಲು ಸುಡುತ್ತದೆ ಎಂಬ ಆಕ್ಷೇಪ ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ಬರುವ ಮೊದಲೇ ಉತ್ತರಿಸಿಬಿಡುತ್ತೇನೆ. ಕಾರ್ಬೊರೇಟರ್ ಕಾಲದಲ್ಲಿ ಆ ಮಾತಿಗೆ ಬೆಲೆಯಿತ್ತು. ಇಂದಿನ ಇಂಜೆಕ್ಷನ್ ಎಂಜಿನ್ನಿನಲ್ಲಿ, ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುವುದಿದ್ದರೆ ಆರಿಸಿ ಮತ್ತೆ ಹೊತ್ತಿಸುವುದೇ ಇಂಧನಕ್ಕೆ ಲಾಭವೆಂದು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ ಅಳೆದು ಹೇಳಿದೆ. ಸಾಮಾನ್ಯ ಪೆಟ್ರೋಲ್ ಕಾರು ನಿಂತಲ್ಲೇ ಉರಿಯುವಾಗ ಎಂಜಿನ್ನಿನ ಗಾತ್ರಕ್ಕೆ ತಕ್ಕಂತೆ ಗಂಟೆಗೆ ಸುಮಾರು 0.6ರಿಂದ 1.5 ಲೀಟರ್ ಕುಡಿಯುತ್ತದೆ, ಎ.ಸಿ. ಹಾಕಿದರೆ ಅದಕ್ಕಿಂತ ಹೆಚ್ಚು. ಒಂದು ಲೀಟರ್ ಪೆಟ್ರೋಲು ಸುಟ್ಟರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಎಂಜಿನ್ ಆರಿಸಿದೊಡನೆ, ಬಿಸಿಯಾಗಿದ್ದಾಗ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಾಗಿ ಮುಂದಿನ ಸ್ಟಾರ್ಟಿನಲ್ಲಿ ಕೆಟ್ಟ ಹೊಗೆ ಬರುತ್ತದೆ ಎನ್ನುವವರೂ ಇದ್ದಾರೆ. ಬಿಸಿಯಾದ ಕನ್ವರ್ಟರ್ ಕೆಲವು ನಿಮಿಷಗಳಲ್ಲಿ ಆರಿಹೋಗುವುದಿಲ್ಲ, ಅದರಲ್ಲೂ ಬೇಸಿಗೆಯಲ್ಲಿ.

ಆದರೆ ಎ.ಸಿ.ಯ ವಿಷಯದಲ್ಲಿ ಸಂಘದ ಎರಡನೆಯ ಗುಂಪಿನವರ ಮಾತು ಸರಿ. ಸಾಮಾನ್ಯ ಕಾರಿನಲ್ಲಿ ಎ.ಸಿ. ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟು. ಎಂಜಿನ್ ಆರಿದರೆ ಫ್ಯಾನ್ ಮಾತ್ರ ಬ್ಯಾಟರಿಯಿಂದ ತಿರುಗುತ್ತದೆ, ತಂಪು ಹುಟ್ಟುವುದಿಲ್ಲ. ಬ್ಯಾಟರಿ ಕಾರುಗಳಲ್ಲೂ ಎಂಜಿನ್, ವಿದ್ಯುತ್ ಮೋಟಾರು ಎರಡೂ ಇರುವ ಇತ್ತೀಚಿನ ಹೈಬ್ರಿಡ್‌ಗಳಲ್ಲೂ ಕಂಪ್ರೆಸರ್ ವಿದ್ಯುತ್ತಿನದು. ಬ್ಯಾಟರಿ ಕಾರು ಹೊಗೆಯಿಲ್ಲದೆ ತಂಪಾಗಿರುತ್ತದೆ. ಹೈಬ್ರಿಡ್ ಕಾರು ಬ್ಯಾಟರಿ ಇಳಿದಾಗ ಎಂಜಿನ್ನನ್ನು ತಾನೇ ಹೊತ್ತಿಸಿ ಸ್ವಲ್ಪ ಹೊತ್ತಿನಲ್ಲಿ ತಾನೇ ಆರಿಸುತ್ತದೆ. ಕರಡಿನಲ್ಲಿ ಇವೆರಡರ ಬಗ್ಗೆ ಒಂದು ಸಾಲೂ ಇಲ್ಲದಿದ್ದರೆ ದಂಡ ಹಾಕುವವರಿಗೂ ಕಟ್ಟುವವರಿಗೂ ಜಗಳವಾಗುತ್ತದೆ.

ಬಾಡಿಗೆ ಚಾಲಕ:

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಆದರೆ ನಿಂತ ವಾಹನದಲ್ಲಿ ಕೂರುವುದು ಕೆಲವರಿಗೆ ಸೋಮಾರಿತನ, ನಮ್ಮಂಥವರಿಗೆ ಕೆಲಸ ಎಂಬುದನ್ನು ಈ ಚರ್ಚೆ ಮರೆಯಬಾರದು. ಪ್ರಯಾಣಿಕರು ಬರುವವರೆಗೆ ಬಿಸಿಲಿನಲ್ಲಿ ಕಾಯುವ ಚಾಲಕ ಬೇರೆಡೆ ನೆರಳು ಹುಡುಕಿ ಹೋಗುವಂತಿಲ್ಲ. ಹೋದರೆ ಬಾಡಿಗೆ ತಪ್ಪುತ್ತದೆ ಅಥವಾ ನಿಲುಗಡೆಯ ಜಾಗ ತಪ್ಪುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಉಷ್ಣಾಂಶ ಹೊರಗಿಗಿಂತ ಸುಮಾರು 20 ಡಿಗ್ರಿ ಸೆಲ್ಸಿಯಸ್ ಮೇಲೇರುತ್ತದೆ, ಆ ಏರಿಕೆಯ ಬಹುಪಾಲು ಮೊದಲ ಅರ್ಧ ಗಂಟೆಯಲ್ಲಿಯೇ ಆಗುತ್ತದೆ, ಕಿಟಕಿಯನ್ನು ಎರಡು ಬೆರಳಗಲ ಇಳಿಸಿದರೆ ಅಷ್ಟೇನೂ ವ್ಯತ್ಯಾಸವಾಗುವುದಿಲ್ಲ. ಕಿಟಕಿಗಳನ್ನು ಪೂರ್ತಿ ಇಳಿಸಿ ಎನ್ನಬಹುದು. ಹಾಗೆ ಇಳಿಸಿದರೆ ಮುಂದಿನ ಲಾರಿಯ ಹೊಗೆಯನ್ನು ನಾವೇ ಕುಡಿಯಬೇಕು.

ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ಸಾಲಿನಲ್ಲಿ ನಿಂತ ಇಪ್ಪತ್ತು ಗಾಡಿಗಳ ಹೊಗೆಯನ್ನು ಮೊದಲು ಉಸಿರಾಡುವವರು ಆ ಇಪ್ಪತ್ತು ಚಾಲಕರೇ, ಎ.ಸಿ. ಹಾಕಿದ ಪ್ರತಿ ಗಾಡಿಯೂ ಒಳಗಿನ ಬಿಸಿಯನ್ನು ಎಂಜಿನ್ನಿನ ಬಿಸಿಯ ಜೊತೆಗೆ ಪಕ್ಕದ ಗಾಡಿಯ ಮೇಲೆಯೇ ಸುರಿಯುತ್ತದೆ. ನನ್ನ ಬೇಡಿಕೆ ಇಷ್ಟೇ: ಎಂಜಿನ್ ಆರಿಸಿ ಎಂದು ಹೇಳುವ ನಗರಾಡಳಿತ ಅದೇ ಕಾಗದದಲ್ಲಿ ನಿಲ್ದಾಣಗಳಿಗೆ ಚಾವಣಿ, ಮರದ ನೆರಳು, ಕುಡಿಯುವ ನೀರು, ಶೌಚಾಲಯ ಕೊಡುವ ಹೊಣೆಯನ್ನೂ ಹೊರಲಿ. ನೆರಳಿರುವ ಜಾಗದಲ್ಲಿ ನಾನು ಆರಿಸಿಯೇ ನಿಲ್ಲುತ್ತೇನೆ, ಪೆಟ್ರೋಲಿನ ದುಡ್ಡು ಕೊಡುವವನು ನಾನೇ ತಾನೇ!

ಜಾರಿ ವಿಭಾಗದ ನಿವೃತ್ತ:

ಕಾಗದದ ಮೇಲೆ ಕಠಿಣವಾಗಿ ಕಾಣುವ ನಿಯಮ ರಸ್ತೆಯಲ್ಲಿ ಹೇಗೆ ಸವೆಯುತ್ತದೆಂಬುದನ್ನು ನೌಕರಿಯ ಅವಧಿಯಲ್ಲಿ ಸಾಕಷ್ಟು ನೋಡಿದ್ದೇನೆ. ಕರಡು ಓದುಗರ ಪ್ರಶ್ನೆಗೆ ಹತ್ತಿರದ ಉದಾಹರಣೆ ಹಾಂಗ್‌ಕಾಂಗ್. ಅಲ್ಲಿ 2011ರ ಡಿಸೆಂಬರ್ 15ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಯಾವುದೇ 60 ನಿಮಿಷಗಳಲ್ಲಿ ಒಟ್ಟು ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಂತ ವಾಹನದ ಎಂಜಿನ್ ಚಾಲೂ ಇಟ್ಟರೆ 320 ಹಾಂಗ್‌ಕಾಂಗ್ ಡಾಲರ್ ದಂಡ. ಆದರೆ ಹವಾಮಾನ ಇಲಾಖೆ ಅತಿ ಬಿಸಿಲಿನ ಎಚ್ಚರಿಕೆಯನ್ನೋ ಭಾರಿ ಮಳೆಯ ಎಚ್ಚರಿಕೆಯನ್ನೋ ಹೊರಡಿಸಿದಾಗ ಚಾಲಕರಿಗೆ ವಿನಾಯಿತಿ. ನಿಲ್ದಾಣದಲ್ಲಿ ಕಾಯುವ ಟ್ಯಾಕ್ಸಿಗಳಿಗೂ ವಿನಾಯಿತಿಯುಂಟು. ಮಾನವೀಯತೆಯ ದೃಷ್ಟಿಯಿಂದ ಇದನ್ನು ಹಳಿಯುವಂತಿಲ್ಲ. ಆದರೆ ಜಿಗುಟು ಬೇಸಿಗೆಯ ಊರಿನಲ್ಲಿ ನಿಯಮ ಯಾವಾಗ ಹೆಚ್ಚು ಬೇಕೋ ಆಗಲೇ ರಜೆ ಹಾಕುತ್ತದೆ. ನಿಮ್ಮ ಕರಡಿನ 32 ಡಿಗ್ರಿಯ ವಿಧಿ ಇದೇ ದಾರಿ ಹಿಡಿದಿದೆ. ಹಾಂಗ್‌ಕಾಂಗ್‌ನಲ್ಲಾದರೆ ಎಚ್ಚರಿಕೆ ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗುತ್ತದೆ. ನಿಮ್ಮಲ್ಲಿ ರಸ್ತೆಯಲ್ಲಿ ನಿಂತ ಸಿಬ್ಬಂದಿ 31 ಡಿಗ್ರಿಯೋ 33 ಡಿಗ್ರಿಯೋ ಎಂದು ಯಾವ ಥರ್ಮಾಮೀಟರಿನಿಂದ ಸಾಬೀತುಪಡಿಸಬೇಕು?

ದಂಡದ ವಿಧಾನಗಳಲ್ಲೂ ಬಹಳ ವ್ಯತ್ಯಾಸಗಳಿವೆ. ಇಂಗ್ಲೆಂಡಿನ 2002ರ ನಿಯಮಾವಳಿಯಲ್ಲಿ ದಂಡ 20 ಪೌಂಡ್, ಸಕಾಲದಲ್ಲಿ ಕಟ್ಟದಿದ್ದರೆ 40. ಆದರೆ ಅಧಿಕಾರಿ ಮೊದಲು ಆರಿಸುವಂತೆ ಕೇಳಬೇಕು, ಚಾಲಕ ನಿರಾಕರಿಸಿದರೆ ಮಾತ್ರ ದಂಡ. ಕೇಳಿದ ತಕ್ಷಣ ಯಾರು ತಾನೇ ಆರಿಸುವುದಿಲ್ಲ? ಹೀಗಾಗಿ ದಂಡದ ಚೀಟಿಗಳು ಅಪರೂಪ. ಇದನ್ನು ಸೋಲೆಂದು ಕರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಎಂಜಿನ್ ಆರಿತು, ಉದ್ದೇಶ ಈಡೇರಿತು. ಅಧಿಕಾರಿ ಅಲ್ಲಿಂದ ಹೋದ ಮೇಲೆ ಏನಾಗುತ್ತದೆಂಬುದು ಬೇರೆ ಮಾತು. ಜರ್ಮನಿಯ ಸಂಚಾರ ನಿಯಮದಲ್ಲಿ ನಿಮಿಷಗಳ ಲೆಕ್ಕವೇ ಇಲ್ಲ, ಎಂಜಿನ್ನನ್ನು ಅನಗತ್ಯವಾಗಿ ಓಡಿಸಬಾರದು ಎಂದಷ್ಟೇ ಇದೆ. ಟೊರೊಂಟೊ 1996ರಲ್ಲಿ ಮೂರು ನಿಮಿಷದ ಮಿತಿ ತಂದು 2010ರಲ್ಲಿ ಅದನ್ನು ಒಂದು ನಿಮಿಷಕ್ಕೆ ಇಳಿಸಿತು.

ನ್ಯೂಯಾರ್ಕ್ ನಗರದ್ದು ತೀರಾ ಭಿನ್ನ. ಮಿತಿ ಮೂರು ನಿಮಿಷ, ಶಾಲೆಯ ಪಕ್ಕದಲ್ಲಿ ಒಂದೇ ನಿಮಿಷ. ಲಾರಿ, ಬಸ್ಸುಗಳ ಎಂಜಿನ್ ಚಾಲೂ ಇರುವುದನ್ನು ನಾಗರಿಕರೇ ವಿಡಿಯೋ ಮಾಡಿ ದೂರು ಕೊಡಬಹುದು, ದಂಡ ವಸೂಲಾದರೆ ಅದರಲ್ಲಿ ಶೇಕಡಾ 25 ದೂರು ಕೊಟ್ಟವರಿಗೆ ಸೇರುತ್ತದೆ. ಸಿಬ್ಬಂದಿಯಿಲ್ಲದೆ ಜಾರಿ ಮಾಡುವ ಉಪಾಯವಿದು, ಫಲವನ್ನೂ ಕೊಟ್ಟಿದೆ. ಆದರೆ ಇದನ್ನೇ ಉಪಜೀವನ ಮಾಡಿಕೊಂಡವರು ಹುಟ್ಟಿಕೊಂಡರು, ಚಾಲಕರೊಡನೆ ಕೈಕೈ ಮಿಲಾಯಿಸಿದ ಪ್ರಸಂಗಗಳೂ ನಡೆದವು. ನಿಮ್ಮ ಸಂಘ ಇದನ್ನು ಕೇಳಬಾರದೆಂಬುದು ನನ್ನ ಅಭಿಪ್ರಾಯ. ನೆರೆಹೊರೆಯವರು ಒಬ್ಬರ ಮೇಲೊಬ್ಬರು ಕ್ಯಾಮೆರಾ ಹಿಡಿದು ನಿಲ್ಲುವ ಪರಿಸ್ಥಿತಿ ಹೊಗೆಗಿಂತ ಬೇಗ ಹಬ್ಬುತ್ತದೆ.

ಭಾರಿ ವಾಹನಗಳಿಗೆ ಯಂತ್ರದೊಳಗೇ ಪರಿಹಾರವಿಡುವುದು ಎಲ್ಲಕ್ಕಿಂತ ಮೇಲು. ಕ್ಯಾಲಿಫೋರ್ನಿಯಾ ತನ್ನ ಐದು ನಿಮಿಷದ ಮಿತಿಯ ಜೊತೆಗೆ, 2008ರ ಮಾದರಿಯಿಂದೀಚಿನ ಭಾರಿ ಡೀಸೆಲ್ ಎಂಜಿನ್ನುಗಳು ಒಂದೋ ಐದು ನಿಮಿಷ ನಿಂತಲ್ಲಿ ಉರಿದ ಮೇಲೆ ತಾವಾಗಿ ಆರಬೇಕು, ಇಲ್ಲವೇ ನೈಟ್ರೋಜನ್ ಆಕ್ಸೈಡಿನ ಕಠಿಣ ಮಟ್ಟಕ್ಕೆ ಒಳಪಟ್ಟಿರಬೇಕು ಎಂದು ವಿಧಿಸಿತು. ಆದರೆ ಇದು ನಗರಾಡಳಿತದ ಅಧಿಕಾರಕ್ಕೆ ಮೀರಿದ್ದು, ಆದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ವಿನಾಯಿತಿಯ ಬಗ್ಗೆ ನನ್ನ ಸಲಹೆಯೆಂದರೆ ಥರ್ಮಾಮೀಟರನ್ನು ಬಿಟ್ಟು ಒಳಗೆ ಕುಳಿತವರನ್ನು ನೋಡಿ. ಚಿಕ್ಕ ಮಕ್ಕಳು, ವೃದ್ಧರು, ಗರ್ಭಿಣಿಯರು, ಬಿಸಿಲು ತಾಳಲಾರದ ರೋಗಿಗಳು ಒಳಗಿದ್ದರೆ ಎ.ಸಿ. ಇರಲಿ, ಅವರನ್ನು ಕಣ್ಣಾರೆ ಗುರುತಿಸಬಹುದು, ಅನುಮಾನ ಬಂದರೆ ಮಾತಾಡಿ ತಿಳಿಯಬಹುದು. ಆರೋಗ್ಯವಂತ ವಯಸ್ಕರೊಬ್ಬರೇ ಕೂತು ಮೊಬೈಲ್ ನೋಡುತ್ತಿದ್ದರೆ ಇಳಿದು ನೆರಳಿಗೆ ಹೋಗಲಿ. ಬಾಡಿಗೆ ಚಾಲಕರು ಹೇಳಿದ ನೆರಳಿನ ಮಾತು ಇಲ್ಲಿಯೇ ಸೇರುತ್ತದೆ: ನೆರಳು ಒದಗಿಸಿದ ನಿಲ್ದಾಣಗಳಲ್ಲಿ ಬಿಗಿ ಮಿತಿ, ಒದಗಿಸುವವರೆಗೆ ಉಳಿದೆಡೆ ಸಾಮಾನ್ಯ ಮಿತಿ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವುದಾದರೆ ಇಷ್ಟಾದರೂ ಬರವಣಿಗೆಯ ಕಷ್ಟ ಪಡಲೇಬೇಕಾಗುತ್ತದೆ.

ಕರಡು ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಸಂಘದ ಮುಂದಿಡಲು ಹೀಗೆ ಬರೆದಿದ್ದೇನೆ, ಲೋಪವಿದ್ದರೆ ತಿದ್ದಿ:

“ಪೀಠಿಕೆಯಲ್ಲಿರುವ ಓಝೋನಿನ ಮಾತನ್ನು ತೆಗೆದು, ಜನ ಸೇರುವ ಜಾಗಗಳಲ್ಲಿ ವಾಹನದ ಹೊಗೆಯಿಂದ ಆಗುವ ನೇರ ಹಾನಿಯನ್ನು ತಡೆಯುವುದೇ ನಿಯಮದ ಉದ್ದೇಶವೆಂದು ಬರೆಯತಕ್ಕದ್ದು. ಹೊಗೆಮಂಜಿನ ಎಚ್ಚರಿಕೆಯನ್ನು ಹಿಂದಿನ ದಿನ ಸಂಜೆ ಆರು ಗಂಟೆಯೊಳಗೆ ಪ್ರಕಟಿಸತಕ್ಕದ್ದು. 32 ಡಿಗ್ರಿಯ ವಿನಾಯಿತಿಯನ್ನು ಕೈಬಿಟ್ಟು, ಮಗು, ವೃದ್ಧರು, ಗರ್ಭಿಣಿ ಅಥವಾ ಅಸ್ವಸ್ಥರು ಒಳಗಿರುವ ವಾಹನಕ್ಕೆ ಮಾತ್ರ ವಿನಾಯಿತಿ ಕೊಡತಕ್ಕದ್ದು. ನೆರಳು ಮತ್ತು ನೀರಿನ ಸೌಕರ್ಯವಿಲ್ಲದ ಬಾಡಿಗೆ ವಾಹನ ನಿಲ್ದಾಣಗಳಲ್ಲಿ, ಆ ಸೌಕರ್ಯ ಒದಗಿಸುವವರೆಗೆ, ಒಂದು ನಿಮಿಷದ ಮಿತಿಯನ್ನು ಜಾರಿ ಮಾಡತಕ್ಕದ್ದಲ್ಲ. ಮೊದಲು ಆರಿಸಲು ಹೇಳಿ, ಕೇಳದಿದ್ದಲ್ಲಿ ಅಥವಾ ಅದೇ ದಿನ ಮರುಕಳಿಸಿದಲ್ಲಿ ದಂಡ ವಿಧಿಸತಕ್ಕದ್ದು. ಸಂಚಾರ ದೀಪದಲ್ಲಿ ಮತ್ತು ದಟ್ಟಣೆಯಲ್ಲಿ ಸಿಲುಕಿದ ವಾಹನಗಳು, ತುರ್ತು ಸೇವೆಯ ವಾಹನಗಳು, ಬ್ಯಾಟರಿ ವಾಹನಗಳು ಮತ್ತು ಎಂಜಿನ್ ತಾನಾಗಿ ಹೊತ್ತಿ ಆರುವ ಹೈಬ್ರಿಡ್ ವಾಹನಗಳು ಈ ನಿಯಮದ ವ್ಯಾಪ್ತಿಗೆ ಬರತಕ್ಕದ್ದಲ್ಲ. ಉಳಿದ ಯಾವ ವಾಹನವೂ ಸತತವಾಗಿ ಮೂರು ನಿಮಿಷ, ಎಚ್ಚರಿಕೆಯ ದಿನ ಒಂದು ನಿಮಿಷ, ಮೀರಿ ನಿಂತಲ್ಲಿ ಎಂಜಿನ್ ಚಾಲೂ ಇಡತಕ್ಕದ್ದಲ್ಲ.”

ಬಾಡಿಗೆ ಚಾಲಕ:

ನನಗೆ ಒಪ್ಪಿಗೆ. ಶೀತಲ ಪೆಟ್ಟಿಗೆಯ ಲಾರಿಗಳ ಬಗ್ಗೆಯೂ ಒಂದು ಸಾಲು ಬೇಕು. ಹಾಲು, ಔಷಧಿ ಸಾಗಿಸುವ ದೊಡ್ಡ ಲಾರಿಗಳ ತಂಪಿಗೆ ಸಾಮಾನ್ಯವಾಗಿ ಬೇರೆಯದೇ ಡೀಸೆಲ್ ಎಂಜಿನ್ ಇರುತ್ತದೆ, ಅದು ಎಳೆಯುವ ಎಂಜಿನ್ ಆರಿದರೂ ಓಡುತ್ತಲೇ ಇರುತ್ತದೆ. ಅದಕ್ಕೆ ವಿನಾಯಿತಿ ಕೊಡಲಿ, ಆದರೆ ಸರಕು ಇಳಿಸುವ ಕಟ್ಟೆಗಳಲ್ಲಿ ವಿದ್ಯುತ್ ಸಂಪರ್ಕ ಕೊಡಿಸುವವರೆಗೆ ಮಾತ್ರ.

ಜಾರಿ ವಿಭಾಗದ ನಿವೃತ್ತ:

ಕೊನೆಯ ವಾಕ್ಯದ “ಸತತವಾಗಿ” ಎಂಬುದನ್ನು ಇಂದೇ ತೆಗೆದುಬಿಡಿ. ಅದು ಉಳಿದರೆ ಮೂರು ನಿಮಿಷ ತುಂಬುವ ಮೊದಲು ಒಮ್ಮೆ ಆರಿಸಿ, ಮರುಕ್ಷಣ ಹೊತ್ತಿಸಿ, ಇಡೀ ಮಧ್ಯಾಹ್ನ ನಿಯಮಬದ್ಧವಾಗಿಯೇ ಹೊಗೆಯುಗುಳಬಹುದು. ಹಾಂಗ್‌ಕಾಂಗ್ ಮಾಡಿದಂತೆ “ಯಾವುದೇ 60 ನಿಮಿಷಗಳ ಅವಧಿಯಲ್ಲಿ ಒಟ್ಟು” ಎಂದು ಬರೆಯಿರಿ. ಗಡಿಯಾರ ಶುರುವಾಗುವುದು ಸಿಬ್ಬಂದಿ ವಾಹನವನ್ನು ಮೊದಲು ಗಮನಿಸಿದ ಹೊತ್ತಿನಿಂದ ಎಂಬುದನ್ನೂ ಸ್ಪಷ್ಟಪಡಿಸಿ. ಇಲ್ಲವಾದರೆ ವಾಹನ ಎಷ್ಟು ಹೊತ್ತಿಗೆ ಬಂದು ನಿಂತಿತೆಂಬುದನ್ನು ರುಜುವಾತುಪಡಿಸಲಾಗದೆ ಮೊದಲ ಮೇಲ್ಮನವಿಯಲ್ಲಿಯೇ ದಂಡ ರದ್ದಾಗುತ್ತದೆ.